ಲೋಕಗಳ ಒಡೆಯ

ಮನೆ, ಇಸ್ತ್ರಿ ಮೇಜು
ಗುರುವಾರ ಮಧ್ಯಾಹ್ನ, ಏಪ್ರಿಲ್ ೧೧

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಆಕಾಶಕ್ಕೆ ಕಿವಿ ಕೊಟ್ಟು ಹೊಟ್ಟೆಯನ್ನು ಮರೆತಿದ್ದೀಯಾ? ಆ ದೊಡ್ಡ ತಟ್ಟೆಯಂಥ ಯಂತ್ರದ ಹತ್ತಿರ ಗಾಳಿ ಜಾಸ್ತಿ ಅಂದಿದ್ದೆಯಲ್ಲ, ಕಿವಿಗೆ ಬಟ್ಟೆ ಕಟ್ಟಿಕೋ. ನನ್ನ ಮೊಣಕಾಲು ನೋವು ಹಾಗೇ ಇದೆ. ಅಪ್ಪ ಬದುಕಿದ್ದಾರೆ. ಮುಂದಿನದನ್ನು ಓದುವಾಗ ನಿನ್ನ ಎದೆ ಒಡೆಯಬಾರದು ಅಂತ ಇದನ್ನು ಮೊದಲೇ ಬರೆದುಬಿಟ್ಟೆ.

ನೀನು ರೇಡಿಯೋದಲ್ಲಿ ಮಾತಾಡಿದ್ದನ್ನು ಇಡೀ ಬೀದಿ ಕೇಳಿತು. ಬೇರೆ ಲೋಕಗಳಲ್ಲೂ ಜೀವ ಇರಬಹುದು, ಇದ್ದರೆ ಅವೂ ಪ್ರಾರ್ಥನೆ ಮಾಡುತ್ತಿರಬಹುದು ಅಂದೆಯಲ್ಲ, ಅಲ್ಲಿಂದ ಶುರುವಾಯಿತು. ದೇವರು ನಮ್ಮ ಜೊತೆಗೆ ಇನ್ಯಾರನ್ನೋ ಸಾಕುತ್ತಿದ್ದಾನೆ ಅಂದರೆ ಜನ ಸುಮ್ಮನಿರುತ್ತಾರೆಯೇ? ವಾರದ ಪ್ರಾರ್ಥನೆ ಹೇಳಿಸುವವರು ಅಪ್ಪ ತಾನೇ, ಅವರ ಮೇಲೇ ಬಂತು. ಮಗಳ ಮಾತು ಸುಳ್ಳು ಅಂತ ಎಲ್ಲರೆದುರು ಹೇಳಬೇಕಂತೆ. ಅಪ್ಪನ ಹಠ ನಿನಗೆ ಗೊತ್ತಲ್ಲ. ಆ ವಾರದ ಪ್ರಾರ್ಥನೆಯಲ್ಲಿ ಎದ್ದು ನಿಂತು, ಎಂದಿನಂತೆ “ಲೋಕಗಳ ಒಡೆಯನೇ” ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿ, “ಲೋಕ‘ಗಳ’ ಅಂತಿದೆ, ಕೇಳಿಸ್ತಾ? ಇದನ್ನ ನನ್ನ ಮಗಳು ಸೇರಿಸಿದ್ದಲ್ಲ” ಅಂದರು. ಹಿಂದಿನ ಸಾಲಿನಲ್ಲಿದ್ದ ನನಗೆ ನಗು ತಡೆಯಲಾಗಲಿಲ್ಲ. ನಕ್ಕವಳು ನಾನೊಬ್ಬಳೇ.

ಸೋಮವಾರ ಬೆಳಿಗ್ಗೆ ಬಂದರು. ಮುಖಕ್ಕೆಲ್ಲ ಬಟ್ಟೆ, ಕೈಯಲ್ಲಿ ಕಬ್ಬಿಣದ ಸಲಾಕೆ. ಇಸ್ತ್ರಿಗೆ ಬಂದಿದ್ದ ಬಟ್ಟೆಗಳನ್ನೆಲ್ಲ ತುಳಿದುಕೊಂಡು ಹೋಗಿ ಅಪ್ಪನನ್ನು ಕುರ್ಚಿಯಿಂದ ಎಳೆದು ಕೆಡವಿದರು. “ಲೋಕದ ಒಡೆಯ ಅನ್ನು, ಒಂದೇ ಲೋಕ ಅನ್ನು” ಅಂತ ಒಬ್ಬ ಅರಚಿದ. ಅಪ್ಪ “ಲೋಕಗಳ” ಅಂದರು. ಬಾಯಿಗೇ ಹೊಡೆದರು. ಮತ್ತೆ ಅಂದರು, ಮತ್ತೆ ಹೊಡೆದರು. ದವಡೆ ಮುರಿದ ಸದ್ದು ನನಗೆ ಕೇಳಿಸಿತು, ಗುಬ್ಬೀ. ಹಲ್ಲುಗಳು ಯಾರದೋ ಬಿಳಿ ಅಂಗಿಯ ಮೇಲೆ ಬಿದ್ದವು. ಅಪ್ಪನ ಎದೆಯ ಮೇಲೆ ಕೂತಿದ್ದವನು ಅಷ್ಟು ಹೊತ್ತೂ ಒಂದು ಮಾತೂ ಆಡಿರಲಿಲ್ಲ. ಅವನು ಮತ್ತೆ ಸಲಾಕೆ ಎತ್ತಿದ. ಕಾದ ಇಸ್ತ್ರಿ ಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ಸಲಾಕೆ ಹಿಡಿದಿದ್ದ ಅವನ ಕೈಯನ್ನು ಎಳೆದು ನೆಲಕ್ಕೆ ಅದುಮಿ, ಮುಂಗೈ ಮೇಲೆ ಪೆಟ್ಟಿಗೆ ಇಟ್ಟು ಮೈಭಾರವನ್ನೆಲ್ಲ ಹಾಕಿದೆ. ಚರ್ಮ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು. ಅವನು ಕಿರುಚಲೂ ಇಲ್ಲ, ಕೊಸರಿಕೊಂಡು ಓಡಿದ. ಉಳಿದವರೂ ಹಿಂದೆಯೇ ಓಡಿದರು. ನನಗೇನೂ ಬೇಸರವಿಲ್ಲ. ಸಿಕ್ಕಿದ್ದರೆ ಇನ್ನೊಂದು ಕೈಗೂ ಇಡುತ್ತಿದ್ದೆ.

ನಿನ್ನ ತಮ್ಮ ಮನೆಯಲ್ಲಿದ್ದಿದ್ದರೆ ಇಬ್ಬರನ್ನಾದರೂ ಉರುಳಿಸುತ್ತಿದ್ದ. ವೆಲ್ಡಿಂಗ್ ಕೆಲಸ ಇದೆ ಅಂತ ಹಿಂದಿನ ದಿನವೇ ಬೇರೆ ಊರಿಗೆ ಹೋದವನು ಇನ್ನೂ ಬಂದಿಲ್ಲ. ಆಸ್ಪತ್ರೆಯಲ್ಲಿ ಅಪ್ಪನ ದವಡೆಗೆ ತಂತಿ ಬಿಗಿದಿದ್ದಾರೆ, ಕೊಳವೆಯಲ್ಲಿ ಹಾಲು ಕುಡಿಸುತ್ತೇನೆ. ಹಲ್ಲಿಲ್ಲದ ಸಂದಿಯಿಂದ “ಗಳ, ಗಳ” ಅನ್ನುತ್ತಾರೆ. ಬಾಯಿ ಮುಕ್ಕಳಿಸಬೇಕೇನೋ ಅಂದುಕೊಂಡು ನರ್ಸ್ ನೀರು ತಂದಳು. ಅಳುತ್ತಲೇ ನಕ್ಕುಬಿಟ್ಟೆ. ನಿನ್ನನ್ನು ನೋಡಬೇಕೆಂದು ಅವರಿಗೆ ತುಂಬ ಆಸೆ. ಮುಂದಿನ ವಾರ ಬಾ. ನಿಲ್ದಾಣಕ್ಕೆ ತಮ್ಮನನ್ನು ಕಳಿಸುತ್ತೇನೆ, ಅವನ ಜೊತೆಯಲ್ಲಿದ್ದರೆ ನಿನ್ನ ತಂಟೆಗೆ ಯಾರೂ ಬರುವುದಿಲ್ಲ.

ಆ ಒಡೆಯ ಎಷ್ಟು ಲೋಕಗಳನ್ನಾದರೂ ಸಾಕಿಕೊಳ್ಳಲಿ, ನನ್ನ ಒಬ್ಬ ಮಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಅಮ್ಮ

ವಿ.ಸೂ.: ಬರಬೇಡ. ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಬಂದ. ನೀರಿನ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ. ವೆಲ್ಡಿಂಗ್ ಕಿಡಿ ಹಾರಿತು ಅಂದ. ಬಲಗೈಗೆ ಸುತ್ತಿದ್ದ ಬಟ್ಟೆಯನ್ನು ನಾನೇ ಬಿಚ್ಚಿದೆ. ಮುಂಗೈ ಮೇಲೆ ನನ್ನ ಇಸ್ತ್ರಿ ಪೆಟ್ಟಿಗೆಯ ಮೂತಿ ಹಾಗೇ ಮೂಡಿದೆ. ಇಬ್ಬರೂ ಅದನ್ನೇ ನೋಡಿದೆವು. “ದೇವರ ಮಕ್ಕಳು ಅಂದ್ರೆ ನಾವೇ ಅಮ್ಮಾ, ಬೇರೆ ಯಾರೂ ಇಲ್ಲ” ಅಂದ. ಮುಲಾಮು ಹಚ್ಚಿದೆ. ಇನ್ನೇನು ಮಾಡಲಿ, ಹೆತ್ತಿದ್ದೇನೆ. ಹಚ್ಚುತ್ತಿರುವಾಗಲೇ ಕೇಳಿದ, “ಅಕ್ಕ ಯಾವತ್ತು ಬರ್ತಾಳೆ?”