ಬಿಸಿಲಿಗೆ ಬಿಚ್ಚಬಹುದಾದ ಸುರುಳಿ

ಸೋಮವಾರಪೇಟೆ
ಗುರುವಾರ, 15 ಫೆಬ್ರವರಿ 2024

ನನ್ನ ಹಟಮಾರಿ ಅವ್ವನಿಗೆ,

ಫೋನಿನಲ್ಲಿ ಈ ಮಾತು ಎತ್ತಿದರೆ ನೀನು ಕರೆ ಕತ್ತರಿಸುತ್ತೀಯ. ಅದಕ್ಕೇ ಕಾಗದ. ನಿನ್ನ ನೆರೆಮನೆಯ ಅಶೋಕಣ್ಣ ಪೇಟೆ ಕೆಲಸ ಮುಗಿಸಿ ಗಾಳಿಬೀಡಿಗೆ ಹೊರಡುವಷ್ಟರಲ್ಲಿ ಬರೆದು ಕೊಡಬೇಕು. ಬೆಳಗಿನಿಂದ ಸ್ಟುಡಿಯೋದಲ್ಲಿ ಕೂತಲ್ಲಿ ಕೂರಲಾಗುತ್ತಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಸೋಮವಾರ ಮೈಸೂರಿನಲ್ಲಿ ನಿನ್ನ ಎಡ ದವಡೆ ತೆಗೆಯುತ್ತಾರೆ. ಗೆಡ್ಡೆ ಹೋಗಲಿ, ಅವ್ವ ಉಳಿಯಲಿ, ನನಗೆ ಅಷ್ಟೇ ಸಾಕು ಎಂದು ಎಲ್ಲರೆದುರು ಹೇಳಿದೆ. ಅದು ಪೂರ್ತಿ ನಿಜವಲ್ಲ. ಈಗಿರುವ ನಿನ್ನ ಮುಖವೂ ನನಗೆ ಬೇಕು. ಕಳೆದ ವಾರ ಡಿಜಿಟಲ್ ಕ್ಯಾಮೆರಾದಲ್ಲಿ ನಲವತ್ತಾರು ಫೋಟೋ ತೆಗೆದೆ. ನೀನು ಕ್ಯಾಮೆರಾ ಕಿತ್ತುಕೊಂಡು, ಎಂಥ ಉಟ್ಟು ಈ ಮುಖಲಿ ಎನ್ನುತ್ತಾ, ಅದರಲ್ಲಿ ಏನೂ ಇಲ್ಲವೆಂಬಂತೆ, ನಲವತ್ತಾರನ್ನೂ ಅಳಿಸಿದೆ. ಗುಡ್ ಮಾರ್ನಿಂಗ್ ಮೆಸೇಜು ಅಳಿಸಿ ಅಳಿಸಿ ಪಳಗಿದ ಬೆರಳು ನಿನ್ನದು.

ನನ್ನ ಪಾಲುದಾರ ಚೇತನ್‌ಕುಮಾರ್ ಆ ಹಳೆಯ ಫಿಲ್ಮ್ ಕ್ಯಾಮೆರಾ ಮಾರಿಬಿಡು ಎಂದು ವರ್ಷದಿಂದ ಹೇಳುತ್ತಿದ್ದಾನೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ, ತೊಳೆಯುವ ತನಕ ಏನು ಬಂದಿದೆಯೆಂದು ದೇವರಿಗೂ ಗೊತ್ತಿಲ್ಲ, ಇದೆಂಥ ಹುಚ್ಚು ಅನ್ನುತ್ತಾನೆ. ಬೆಳಕು ಚೆಂದ, ನೆರಳು ಮೆತ್ತಗೆ ಎಂದೆಲ್ಲ ವಾದಿಸುತ್ತಿದ್ದೆ. ಮೊನ್ನೆ ಭಾನುವಾರ ಅದನ್ನು ಊರಿಗೆ ತಂದದ್ದು ಚೆಂದಕ್ಕಲ್ಲ. ಅದರಲ್ಲಿ ಅಳಿಸುವ ಗುಂಡಿ ಇಲ್ಲ, ಅದಕ್ಕೆ.

ನೀನು ಕಾಫಿ ಕಣದಲ್ಲಿ ಕೂತಿದ್ದೆ. ರೀಲ್ ಇಲ್ಲೆ ತಾನೆ ಎಂದು ಕೇಳಿದೆ. ಇಲ್ಲ, ಸುಮ್ಮನೆ ಶಟರ್ ಪರೀಕ್ಷೆ ಎಂದೆ ನಾನು. ತಲೆ ಬಗ್ಗಿಸಿ ಮೇಲಿನಿಂದ ನೋಡುವ ಕ್ಯಾಮೆರಾ ಅದು. ನಿನಗೆ ಕಂಡದ್ದು ನನ್ನ ನೆತ್ತಿ ಮಾತ್ರ. ಅಲ್ಲೊಂದು ಬಿಳಿಕೂದಲು ಕಂಡು ನೀನು ನಕ್ಕುಬಿಟ್ಟೆ. ಕೆನ್ನೆಗೆ ಒತ್ತಿಕೊಂಡಿದ್ದ ಸೆರಗು ಜಾರಿತು, ನೀನು ಸರಿಮಾಡಿಕೊಳ್ಳಲಿಲ್ಲ. ರೀಲ್ ಇತ್ತು, ಅವ್ವ. ನಾನು ಸುಳ್ಳು ಹೇಳಿದೆ.

ನಾಲ್ಕು ದಿನದಿಂದ ಸುರುಳಿಯನ್ನು ತೊಳೆಯಲೆಂದು ಡ್ರಾಯರಿನಿಂದ ತೆಗೆಯುತ್ತೇನೆ, ಮತ್ತೆ ಇಡುತ್ತೇನೆ. ನಿನ್ನ ಕಣ್ಣು ಮುಚ್ಚಿತ್ತೋ, ಬೆಳಕು ಹೆಚ್ಚಾಯಿತೋ ಎಂಬ ಚಿಂತೆ ಒಂದು ಕಡೆ. ನೀನು ಬೇಡವೆಂದ ಮುಖವನ್ನು ಕದ್ದೆನಲ್ಲ ಎಂಬ ಉರಿ ಇನ್ನೊಂದು ಕಡೆ. ಸಾಕಾಯಿತು. ಸುರುಳಿಯನ್ನು ಈ ಕವರಿನಲ್ಲೇ ಇಟ್ಟಿದ್ದೇನೆ. ಬೇಡವಾದರೆ ಅಂಟಿಸಿದ ಪಟ್ಟಿ ಹರಿದು ಕಣದ ಬಿಸಿಲಿಗೆ ಬಿಚ್ಚು, ಕ್ಷಣದಲ್ಲಿ ಎಲ್ಲ ಹೋಗುತ್ತದೆ. ಬೇಕಾದರೆ ಹಾಗೇ ಅಕ್ಕಿ ಡಬ್ಬಿಯಲ್ಲಿಡು. ಭಾನುವಾರ ನಿನ್ನನ್ನು ಮೈಸೂರಿಗೆ ಕರೆದೊಯ್ಯಲು ಬಂದಾಗ ಡಬ್ಬಿ ತೆರೆದು ನೋಡುತ್ತೇನೆ. ಬಾಯಿಬಿಟ್ಟು ಏನೂ ಕೇಳುವುದಿಲ್ಲ.

ಅಶೋಕಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನ ಕಳ್ಳಿ,
ಕವನಾ

ತಾ.ಕ.: ಸುರುಳಿಯಲ್ಲಿ ನಿನ್ನವು ಹನ್ನೊಂದೇ. ಆಮೇಲೆ, ಕೊಡ್ ಇಲ್ಲಿ ಎಂದು ನೀನೇ ಕ್ಯಾಮೆರಾ ಇಸಿದುಕೊಂಡು, ನನ್ನ ಕಡೆ ತಿರುಗಿಸಿ ಗುಂಡಿ ಒತ್ತಿದೆ. ಕಣ್ಣಿಗೆ ಕಾಫಿ ಧೂಳು ಬಿತ್ತು ಎಂದೆನಲ್ಲ, ಆಗ. ಊರವರ ಫೋಟೋ ತೆಗೆಯುವ ಮಗಳನ್ನು ನೀನು ತೆಗೆದ ಫೋಟೋ ಅದೊಂದೇ. ಬಿಸಿಲಿಗೆ ಬಿಚ್ಚಿದರೆ ಅದೂ ಹೋಗುತ್ತದೆ.