ಗುರುಬಸಪ್ಪನವರ ಪಾಳಿ

ಎರಡನೆಯ ನೆರಳುಬೀದಿ, ಗದಗ
ಜೂನ್ ಮೂವತ್ತೊಂದು, 2171

ಪೂಜ್ಯ ಶಿವಗಂಗವ್ವ ಆಯಿಯವರಿಗೆ, ನಿಮ್ಮಿಂದ ಐದು ತಲೆಮಾರು ಕೆಳಗಿನ ಮುಕ್ತಾಂಬೆಯ ಶರಣು.

ಮೇಲಿನ ದಿನಾಂಕ ನೋಡಿ ಹುಬ್ಬೇರಿಸಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಜೂನ್ ಮೂವತ್ತಕ್ಕೇ ಮುಗಿಯುತ್ತದೆ. ನಾವು ಡಿಸೆಂಬರಿನಿಂದ ಒಂದು ದಿನ ಕಿತ್ತು ಇಲ್ಲಿಗೆ ಸೇರಿಸಿಕೊಂಡು ಅದನ್ನು ಮೌನದಿನ ಎನ್ನುತ್ತೇವೆ. ಅಂದು ಊರಿನ ಉಲಿಗಗಳೆಲ್ಲ ಬಾಯಿ ಮುಚ್ಚಿಕೊಂಡಿರುತ್ತವೆ. ಉಲಿಗವೆಂದರೆ ಪ್ರತಿ ಮನೆಯ ಬಾಗಿಲ ಚೌಕಟ್ಟಿನಲ್ಲಿ ಕೂತಿರುವ ಉತ್ತರದ ಯಂತ್ರ. ಪ್ರಶ್ನೆ ಮುಗಿಯುವ ಮುಂಚೆಯೇ ಹೇಳಿಬಿಡುವ ಅಧಿಕಪ್ರಸಂಗಿ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಬೀದಿಯಲ್ಲಿ ಕೈಯಿಂದ ಬರೆಯಬಲ್ಲವರು ನಾನೂ ನನ್ನಕ್ಕ ನೀಲವ್ವನೂ ಇಬ್ಬರೇ ಇದ್ದೆವು. ಈಗ ನಾನೊಬ್ಬಳೇ.

ನೆರಳುಬೀದಿಯೆಂದರೆ ಉದ್ದಕ್ಕೂ ಚಾವಣಿ ಹೊದಿಸಿದ ಬೀದಿ. ಬಿಸಿಲು ಹೆಚ್ಚಾದ ಮೇಲೆ ಹೀಗೆ ಕಟ್ಟಿದರು. ಚಾವಣಿಯ ಮೇಲೆ ಜೋಳ ಬೆಳೆಯುತ್ತೇವೆ, ಕೆಳಗೆ ಬದುಕುತ್ತೇವೆ. ಬೆಳಗಾದರೆ ಸಾಲುಮನೆಗಳಿಂದ ರೊಟ್ಟಿ ಬಡಿಯುವ ಸದ್ದು ಬರುತ್ತದೆ. ಅದನ್ನು ಮಾತ್ರ ಯಾವ ಯಂತ್ರಕ್ಕೂ ಬಿಟ್ಟುಕೊಟ್ಟಿಲ್ಲ. ಇಂಗ್ಲಿಷನ್ನು ನಾವು ಕಿವಿಯಿಂದಷ್ಟೇ ಬಲ್ಲೆವು. ಅದಕ್ಕೆ ಇಪ್ಪತ್ತಾರು ಅಕ್ಷರಗಳಿದ್ದವು ಎಂದರೆ ಮಕ್ಕಳು ಕಥೆ ಕೇಳಿದಂತೆ ಕೇಳುತ್ತಾರೆ.

ನಮ್ಮ ಮನೆಯಲ್ಲಿ ಮಾತ್ರ ಆ ಅಕ್ಷರಗಳು ಉಳಿದವು, ನಿಮ್ಮ ದೆಸೆಯಿಂದ. ನಿಮ್ಮ ಯಜಮಾನರು ಗುರುಬಸಪ್ಪನವರು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಒಂದು ಹಿಡಿ ಸೀಸದ ಇಂಗ್ಲಿಷ್ ಮೊಳೆಗಳನ್ನು ಮನೆಗೆ ತಂದರು. ಅವು ಇಂದಿಗೂ ನಿಮ್ಮ ಎಲೆಯಡಿಕೆ ಡಬ್ಬಿಯಲ್ಲೇ ಇವೆ. ಮಧ್ಯಾಹ್ನದ ಚಹಾದ ಹೊತ್ತಿಗೆ ಕಣ್ಣು ಮುಚ್ಚಿ ಮೂರು ಮೊಳೆ ತೆಗೆಯುವುದು. ಆ ಮೂರೂ ಅಕ್ಷರ ಸೇರಿರುವ, ಎಷ್ಟಾಗುತ್ತದೋ ಅಷ್ಟು ಉದ್ದನೆಯ ಪದ ಹುಡುಕಿ ಆಟದ ವಹಿಯಲ್ಲಿ ಬರೆಯುವುದು. ಒಂದು ದಿನ ಒಬ್ಬರ ಪಾಳಿ. ಎದುರಿನವರಿಗೆ ಪದ ಹೊಳೆದರೂ ಉಸಿರೆತ್ತಬಾರದು. ಈ ಕಟ್ಟಳೆಯನ್ನು ನೀವು ವಹಿಯ ಮೊದಲ ಪುಟದಲ್ಲೇ ಬರೆದಿದ್ದೀರಿ.

ಆ ವಹಿ ಓದುತ್ತ ನಾನು ಬೆಳೆದೆ. ಎಚ್, ಕೆ, ಎಫ್ ಬಂದ ದಿನ ಯಜಮಾನರು ಹ್ಯಾಂಡ್‌ಕರ್ಚಿಫ್ ಎಂದು ಬರೆದಿದ್ದಾರೆ, ಹನ್ನೆರಡು ಅಕ್ಷರ. ಪಕ್ಕದಲ್ಲಿ ನಿಮ್ಮ ಕೈಬರಹ: "ಹದಿನೈದು ಮಿನಿಟ್ ತಗೊಂಡ್ರು. ಚಾ ಆರಿ ತಣ್ಣಗಾತು." ಜೆ, ಎಕ್ಸ್, ಪಿ ಬಂದಾಗ ನೀವು ಜಕ್ಸ್ಟಪೊಸಿಷನ್ ಎಂದು ಹದಿಮೂರು ಅಕ್ಷರ ಹೊಡೆದಿರಿ. ಅವರು ಕೆಳಗೆ, "ಈ ಶಬ್ದ ಎಲ್ಲಿ ಕಲತಿ?" ಎಂದು ಕೇಳಿದ್ದಾರೆ. ನೀವು, "ನೀವ ಪ್ರೂಫ್ ತಂದಾಗ ಓದಿದ್ದೆ" ಎಂದಿದ್ದೀರಿ. ಇಬ್ಬರೂ ಎದುರುಬದುರು ಕೂತು ಹೀಗೆ ಬರೆದು ಮಾತಾಡಿದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಕೊನೆಯ ಸಾಲಿನಲ್ಲಿ ಕೆ, ಡಬ್ಲ್ಯು, ಎಫ್ ಎಂಬ ಮೂರು ಅಕ್ಷರಗಳಿವೆ. ಪದವಿಲ್ಲ. ಅಲ್ಲಿಂದ ಮುಂದೆ ಬರೀ ಖಾಲಿ ಹಾಳೆಗಳು. ನಮ್ಮ ಮನೆತನವೆಲ್ಲ ಅದನ್ನು ಬಗೆಹರಿಯದ ಸವಾಲು ಎಂದುಕೊಂಡು ತಲೆ ಕೆರೆದುಕೊಂಡಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಹನ್ನೊಂದು ಅಕ್ಷರದ ಒಂದು ಪದ ಹೊಳೆಯಿತು. ಕೋಡು ಮೂಡಿದವಳಂತೆ ಆ ಸಾಲಿನಲ್ಲಿ ಬರೆದೇಬಿಟ್ಟೆ. ನೀಲಕ್ಕ ನೋಡಿದವಳೇ ವಹಿ ಕಿತ್ತುಕೊಂಡು ಅಂಚಿನಲ್ಲಿದ್ದ 'ಗು' ಎಂಬ ಸಣ್ಣ ಅಕ್ಷರವನ್ನು ತೋರಿಸಿದಳು. "ಯಾರ ಪಾಳಿ ಅದು, ನೋಡೀಯೇನು? ಮಂದಿ ತಾಟಿನ್ಯಾಗ ಕೈ ಹಾಕಿದಂಗಾತು."

ಆಗ ತಿಳಿಯಿತು. ಚಹಾಕ್ಕೆ ಸಕ್ಕರೆ ತರುತ್ತೇನೆಂದು ಹೋದ ಗುರುಬಸಪ್ಪನವರು ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೂ ಈ ಸಾಲೂ ಒಂದೇ ಮಧ್ಯಾಹ್ನದವು ಎಂದು ಮಾತ್ರ ಯಾರೂ ಜೋಡಿಸಿ ನೋಡಿರಲಿಲ್ಲ. ನಿಮಗೆ ಪದ ಹೊಳೆಯದೆ ಇದ್ದಿದ್ದಲ್ಲ, ಆಯಿ. ಪಾಳಿ ನಿಮ್ಮದಾಗಿರಲಿಲ್ಲ. ನಾನು ಬರೆದದ್ದನ್ನು ಅಕ್ಕ ಅಳಿಸಿದಳು, ಆದರೆ ಕಲೆ ಹೋಗಲಿಲ್ಲ. ಐವತ್ತೊಂಬತ್ತು ವರ್ಷದಿಂದ ಹೊತ್ತುಕೊಂಡ ಈ ತಪ್ಪನ್ನು ಇವತ್ತು ಒಪ್ಪಿಸುತ್ತಿದ್ದೇನೆ.

ಇವತ್ತೇ ಏಕೆಂದರೆ, ನಾವಿಬ್ಬರೂ ನಮ್ಮದೇ ವಹಿಯಿಟ್ಟು ಆಡುತ್ತ ಬಂದ ಆಟದಲ್ಲಿ ಕಳೆದ ಮೌನದಿನ ಪಾಳಿ ನೀಲಕ್ಕನದಾಗಿತ್ತು. ಬಿ, ಎಚ್, ಜಿ ತೆಗೆದಳು. ನಮ್ಮ ವಹಿಯ ಅಂಚಿನಲ್ಲಿ 'ನೀ' ಎಂದು ಬರೆದಳು. ಅಷ್ಟರಲ್ಲಿ ಕಪ್ಪು ಕೈಯಿಂದ ಜಾರಿತು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು, ಮಾತೂ ಅಕ್ಷರವೂ ಹೋದವು. ವರ್ಷವಾಯಿತು, ಆ ಸಾಲು ಹಾಗೇ ಇದೆ. ನಾಳೆ ಉಲಿಗವನ್ನು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಹೇಳೀತು. ಅಷ್ಟೇಕೆ, ನನಗೇ ಗೊತ್ತಿದೆ, ಹದಿನೈದು ಅಕ್ಷರ. ಮೊಮ್ಮಗಳು ಇಂಪನಾ ಬೆಳಿಗ್ಗೆಯಿಂದ ಒಂದೇ ಸಮನೆ ಹೇಳುತ್ತಿದ್ದಾಳೆ: "ಆಯಿ, ನೀನ ಬರದುಬಿಡು. ದೊಡ್ಡಾಯಿಗೆ ಏನ್ ತಿಳೀತೈತಿ?" ಒಂದು ಗಳಿಗೆ ಪೆನ್ನು ಎತ್ತಿಕೊಂಡಿದ್ದೂ ನಿಜ. ನೋವು ಒಂದು ಕಡೆ ಮುಗಿದುಹೋಗಲಿ ಎನ್ನುವ ಆಸೆ ಯಾರಿಗಿರುವುದಿಲ್ಲ?

ಅದಕ್ಕೇ ನನ್ನದೊಂದು ಬೇಡಿಕೆ. ಈ ಪತ್ರ ಯಜಮಾನರು ಸಕ್ಕರೆಗೆ ಹೋದ ಆ ಮಧ್ಯಾಹ್ನ ಕಳೆದ ಮೇಲೆಯೇ ನಿಮ್ಮ ಕೈ ಸೇರಲಿ. ಮಕ್ಕಳು ಬಂದು, "ಅಷ್ಟು ತುಂಬಿ ವಹಿ ಮುಚ್ಚಿಡವ್ವ" ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ದಯವಿಟ್ಟು ತುಂಬಬೇಡಿ. ಆ ಖಾಲಿ ಜಾಗ ನನಗೆ ಬೇಕು. ಇವತ್ತು ಪೆನ್ನು ಕೆಳಗಿಡುವ ಮುಂಚೆ ನಾನು ತೆರೆದು ನೋಡಿದ್ದು ಅದನ್ನೇ.

ಅಕ್ಕ ಎದುರಿಗೆ ಕೂತಿದ್ದಾಳೆ. ಮೂರು ಮೊಳೆಗಳು ಅವಳ ಅಂಗೈಯಲ್ಲಿವೆ. ಈಗಷ್ಟೇ ಒಂದನ್ನು ಹೆಬ್ಬೆಟ್ಟಿಗೆ ಒತ್ತಿಕೊಂಡು, ಮೂಡಿದ ಗುರುತನ್ನು ಬಹಳ ಹೊತ್ತು ನೋಡಿದಳು. ನಿಮಗೂ ಆ ಪದ ಹೊಳೆದಿದ್ದರೆ ಬಾಯಿ ಬಿಡಬೇಡಿ, ಆಯಿ. ಚಹಾ ಆರುತ್ತಿದೆ. ಆರಲಿ.