ಒಳಗೆ ಕಳಿಸಿದ ಕಿವಿ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಸುರುಳಿ,

ಚೆನ್ನಾಗಿದ್ದೀಯಾ? ತಲೆ ನರೆತ ಮೇಲೂ ಅಕ್ಕ ಆ ಹೆಸರು ಬಿಡಲಿಲ್ಲವಲ್ಲ ಎಂದು ಮುಖ ಊದಿಸಿಕೊಳ್ಳಬೇಡ. ಹುಟ್ಟಿದಾಗ ನಿನ್ನ ಕೂದಲು ಅಪ್ಪ ಮರ ಕಡೆಯುವ ಲೇತ್‌ನಿಂದ ಬೀಳುವ ಸುರುಳಿಯ ಹಾಗೇ ಇತ್ತು, ನಾನೇನು ಮಾಡಲಿ? ಇಲ್ಲಿ ಕೆಲಸದ ಕೋಣೆಗೆ ಬಿಸಿಲು ಬಿದ್ದು ಮರದ ಧೂಳು ತೇಲುತ್ತಿದೆ. ನಾನೂ ಅರ್ಧ ತೇಲುತ್ತಲೇ ಬರೆಯುತ್ತಿದ್ದೇನೆ.

ನಿನ್ನ ಪಾರ್ಸೆಲ್ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯದಿದ್ದದ್ದು ತಪ್ಪೇ. ಒಂದು ವರ್ಷದಿಂದ ಮುಖ ತೋರಿಸದ ತಮ್ಮ ಮುಖದ ಬದಲು ಕಬ್ಬಿಣ ಕಳಿಸಿದನಲ್ಲ ಎಂದು ಸಿಟ್ಟು ಬಂತು. ಜೊತೆಗೆ ಚೀಟಿ ಬೇರೆ: "ಅಕ್ಕಾ, ಒಳಗೆ ಕೊರೆಯೋಕೆ ಹೊಸ ಉಪಕರಣ, ಗಟ್ಟಿ ಕಾರ್ಬೈಡ್ ತುದಿಯದ್ದು. ಇದಕ್ಕೆ ಸಾಣೆ ಬೇಕಿಲ್ಲ." ನನ್ನ ಉಳಿಗಳನ್ನು ನೋಡಿ ನಕ್ಕ ಹಾಗಾಯಿತು. ಮತ್ತೆ ಮುಚ್ಚಿ ಬೀರುವಿನ ಮೇಲಿಟ್ಟೆ.

ಜಗಳ ಆದದ್ದೂ ಇದಕ್ಕೇ ತಾನೆ? "ಉಳಿ ಕಾಲ ಮುಗೀತು ಅಕ್ಕಾ" ಅಂತ ನೀನು. "ಹಾಗನ್ನೋ ಬಾಯಿ ನನ್ನ ಹೊಸ್ತಿಲು ದಾಟೋದು ಬೇಡ" ಅಂತ ನಾನು. ಕೋಪ ನನಗೆ ಮೂಗಿನ ತುದಿಯಲ್ಲೇ. ಅದು ಇಳಿಯುವಷ್ಟರಲ್ಲಿ ನೀನು ಬಸ್ಸು ಹತ್ತಿದ್ದೆ. ಆಮೇಲೆ ದಿನಾ ನಿನ್ನ ದಾರಿ ನೋಡಿದೆ.

ಅಪ್ಪ ಕಲಿಸಿದ್ದು ನೆನಪಿದೆಯಾ? ಮರದ ಹೂದಾನಿಯ ಬಾಯಿ ಎರಡು ಬೆರಳಗಲ. "ಒಳಗೆ ಕಣ್ಣು ಹೋಗಲ್ಲ ಮಕ್ಳೇ, ಕಿವೀನ ಕಳಿಸಿ" ಅನ್ನುತ್ತಿದ್ದರು. ನಾವಿಬ್ಬರೂ ಕಣ್ಣು ಮುಚ್ಚಿ ಕೇಳುತ್ತಿದ್ದೆವು. ಗೋಡೆ ದಪ್ಪವಿದ್ದಾಗ ಉಳಿ ಗೊಣಗುತ್ತಿತ್ತು. ತೆಳುವಾದಂತೆ ದನಿ ಟೊಳ್ಳಾಗಿ ತೇಲತೊಡಗುತ್ತಿತ್ತು. "ಸಾಕು" ಅನ್ನುವುದು ಯಾವಾಗಲೂ ನಾನೇ ಮೊದಲು. ನಿನಗೆ ಹೊಟ್ಟೆಕಿಚ್ಚು.

ಈ ಚಳಿಗಾಲದಲ್ಲಿ ಮೂರು ಹೂದಾನಿ ತೂತಾದವು. ಮೊದಲ ಸಲ ಮರವನ್ನು ಬೈದೆ, ಎರಡನೇ ಸಲ ಸಾಣೆಕಲ್ಲನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮೂರನೆಯದರ ಹೊಟ್ಟೆ ಒಡೆದು ಒಳಗೆ ಬೆಳಕು ಬಿತ್ತು. ಲೇತ್ ನಿಲ್ಲಿಸಿ ಇಣುಕಿದೆ. ಜೇನುಬಣ್ಣದ ಪುಟ್ಟ ಕೋಣೆ, ಅದಕ್ಕೊಂದು ಕಿಟಕಿ. ಎಷ್ಟು ಹೊತ್ತು ಅಲ್ಲೇ ಇದ್ದೆನೋ. ನಾವಿಬ್ಬರೂ ಒಳಗೆ ಕಾಲು ಚಾಚಿ ಕೂತಿದ್ದೇವೆ, ಅಪ್ಪ ಹೊರಗಿನಿಂದ ಗೋಡೆ ತಟ್ಟುತ್ತಿದ್ದಾರೆ ಅನಿಸಿತು. ಕಿಟಕಿಯಲ್ಲಿ ಅವರ ಬೆರಳು ಕಾಣುತ್ತಿದೆ, ಸದ್ದು ಮಾತ್ರ ಇಲ್ಲ. ಆಗ ಗೊತ್ತಾಯಿತು. ಉಳಿ ಹೇಳುತ್ತಲೇ ಇದೆ, ನನ್ನ ಕಿವಿಯೇ ಹೋಗಿದೆ.

ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು: "ಐವತ್ತು ವರ್ಷ ಲೇತ್ ಪಕ್ಕ ನಿಂತರೆ ಇನ್ನೇನಾಗುತ್ತೆ ಅಮ್ಮ? ಎಷ್ಟೋ ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಗಿದೆ, ನಿಮಗೇ ಗೊತ್ತಾಗಿಲ್ಲ." ಅವರ ಕೈಬರಹ ಓದುವುದು ಕಿವುಡಿಗಿಂತ ಕಷ್ಟವಾಯಿತು.

ಮನೆಗೆ ಬಂದು ನಿನ್ನ ಪಾರ್ಸೆಲ್ ಇಳಿಸಿದೆ. ಉಳಿಯಾದರೆ ಅದರ ಬೆನ್ನನ್ನು ಮರಕ್ಕೆ ತಾಗಿಸಿ, ಓರೆ ನೋಡಿ, ಓಲೈಸಿ ಒಳಗೆ ಬಿಡಬೇಕು. ಇದನ್ನು ಮಟ್ಟಸವಾಗಿ ಹಿಡಿದು ತಳ್ಳಿದರೆ ಆಯಿತು. ಮೊಂಡಾದರೆ ಸ್ಕ್ರೂ ಸಡಿಲಿಸಿ ತುದಿ ತಿರುಗಿಸು. ಸುರುಳಿ ಬೀಳುವುದಿಲ್ಲ, ಬರೀ ಪುಡಿ. ಗೋಡೆ ಬೆಕ್ಕಿನ ನಾಲಿಗೆಯ ಹಾಗೆ ಒರಟು, ಅರ್ಧ ದಿನ ಉಪ್ಪುಕಾಗದ ಹಾಕಿ ಉಜ್ಜಬೇಕು. ಆದರೆ ತಟಕ್ಕನೆ ಮರ ಕಚ್ಚಿ ಎಳೆಯುವುದಿಲ್ಲ. ನಾಲ್ಕು ಸಲ ಕೆರೆದು, ನಿಲ್ಲಿಸಿ, ಕ್ಯಾಲಿಪರ್‌ನಲ್ಲಿ ದಪ್ಪ ಅಳೆದು, ಮತ್ತೆ ನಾಲ್ಕು ಸಲ. ಕಿವಿ ಇಲ್ಲದೆಯೂ ಕೆಲಸ ಸಾಗುತ್ತದೆ. ನಾಲ್ಕನೇ ಹೂದಾನಿ ಒಡೆಯಲಿಲ್ಲ.

ಉಳಿಗಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟೆ. ಸುತ್ತುವಾಗ ಅತ್ತೆ, ಸುಳ್ಳು ಯಾಕೆ ಹೇಳಲಿ. ಆದರೂ ಕೇಳು: ಮುಗಿದದ್ದು ಉಳಿಯ ಕಾಲವಲ್ಲ, ನನ್ನ ಕಿವಿಯ ಕಾಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಗುತ್ತೀಯ. ನಗು, ಪರವಾಗಿಲ್ಲ.

ನಿನ್ನ ಹೆಂಡತಿಗೂ ಮಕ್ಕಳಿಗೂ ಆಶೀರ್ವಾದ. ಕಾರ್ಖಾನೆಯಲ್ಲಿ ಜೋಪಾನ. ನಿನ್ನ ಹತ್ತು ಬೆರಳೂ ನೂರು ವರ್ಷ ಹತ್ತಾಗಿಯೇ ಇರಲಿ.

ಇತಿ,
ನಿನ್ನ ಅಕ್ಕ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಮೊನ್ನೆ ಎದುರಂಗಡಿಯ ದರ್ಜಿ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ಜಗಳ ಆದ ವಾರಕ್ಕೇ ನಿಮ್ಮ ತಮ್ಮ ಬಂದಿದ್ರಲ್ಲಮ್ಮ. ಲೇತ್ ನಿಂತಿತ್ತು, ನೀವು ಆ ಕಡೆ ತಿರುಗಿ ಏನೋ ಉಜ್ತಾ ಇದ್ರಿ. ಹೊಸ್ತಿಲಾಚೆ ನಿಂತು ಮೂರು ಸಲ 'ಅಕ್ಕಾ' ಅಂದ್ರು. ಆಮೇಲೆ ಕಣ್ಣೊರೆಸ್ಕೊಂಡು ಹೋದ್ರು. ನೀವು ಬೇಕಂತ್ಲೇ ಕೇಳಿಸ್ಕೊಳ್ಳಲಿಲ್ಲ ಅಂದ್ಕೊಂಡೆ." ನೀನೂ ಹಾಗೇ ಅಂದುಕೊಂಡೆ, ಅಲ್ಲವೇನೋ? ಇಡೀ ವರ್ಷ? ನಾನು ಕೇಳಿಸಿಕೊಳ್ಳದೆ ಇದ್ದದ್ದಲ್ಲ ಕಣೋ. ನನಗೆ ಕೇಳಿಸಲೇ ಇಲ್ಲ. ಇನ್ನೊಂದು ಸಲ ಬಾ. ಕರೆಯಬೇಡ, ಒಳಗೆ ಬಂದು ಹೆಗಲು ಮುಟ್ಟು.